ಹಲವು ಭಾಷೆಯ ಟಿವಿ ಬೆಟ್ಟ ದಾಟಿದ್ದು ಹೇಗೆ?

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಕೂಮಾ ಅಂತ ಒಂದು ಊರಿದೆ. ಸ್ನೋಯಿ ಬೆಟ್ಟಗಳ ಹತ್ತಿರದ ಸಣ್ಣ ಊರು. ಅಲ್ಲಿನ ಪಾರ್ಕಿನಲ್ಲಿ ಸಾಲಾಗಿ ಬಾವುಟದ ಕಂಬಗಳು ನಿಂತಿವೆ. ಒಂದೊಂದು ಬಾವುಟ ಒಂದೊಂದು ದೇಶದ್ದು. ಸುಮ್ನೆ ಅಲಂಕಾರಕ್ಕೆ ನೆಟ್ಟ ಬಾವುಟಗಳಲ್ಲ ಅವು. 1949ರಿಂದ 1974ರವರೆಗೆ ಆ ಬೆಟ್ಟಗಳಲ್ಲಿ ದೊಡ್ಡ ಜಲವಿದ್ಯುತ್ ಯೋಜನೆಯೊಂದು ನಡೆಯಿತು. 16 ದೊಡ್ಡ ಅಣೆಕಟ್ಟುಗಳು, ಬೆಟ್ಟದ ಹೊಟ್ಟೆ ಕೊರೆದು ಮಾಡಿದ ಸುರಂಗಗಳು. ಒಟ್ಟು 1 ಲಕ್ಷಕ್ಕೂ ಜಾಸ್ತಿ ಜನ ಅಲ್ಲಿ ದುಡಿದರು. ಅವರಲ್ಲಿ ಹೆಚ್ಚಿನವರು 30ಕ್ಕೂ ಹೆಚ್ಚು ದೇಶಗಳಿಂದ ಬಂದವರು. ಇಟಲಿ, ಪೋಲೆಂಡ್, ಯುಗೊಸ್ಲಾವಿಯ, ಜರ್ಮನಿ, ಗ್ರೀಸ್, ಹೀಗೆ. ಯುದ್ಧದಲ್ಲಿ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ ದೇಶಗಳವರು ಅಲ್ಲಿ ಒಂದೇ ಸುರಂಗದಲ್ಲಿ ಕೆಲಸ ಮಾಡಿದರು.

1980ರ ಅಕ್ಟೋಬರ್ 24ರ ಸಂಜೆ ಆಸ್ಟ್ರೇಲಿಯಾದಲ್ಲಿ ಹೊಸ ಟಿವಿ ಚಾನೆಲ್ ಒಂದು ಶುರುವಾಯಿತು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡುವವರ ಚಾನೆಲ್. ಅದು ಕಂಡದ್ದು ಸಿಡ್ನಿ ಮತ್ತು ಮೆಲ್ಬರ್ನ್‌ನಲ್ಲಿ ಮಾತ್ರ. ಬಾವುಟಗಳ ಊರು ಕೂಮಾಗೆ ಅದು ಬಂದದ್ದು 1983ರ ಅಕ್ಟೋಬರ್ 14ಕ್ಕೆ. ಅಷ್ಟಾದರೂ ಕೂಮಾ ಪುಣ್ಯ ಮಾಡಿತ್ತು. ರಾಜಧಾನಿ ಕ್ಯಾನ್‌ಬೆರಾಗೆ ಚಾನೆಲ್ ಕೊಡುವಾಗ ಪಕ್ಕದ ಕೂಮಾ, ಗೌಲ್‌ಬರ್ನ್ ಊರುಗಳಿಗೂ ಕೊಟ್ಟರು. ಉಳಿದ ಎಷ್ಟೋ ಊರುಗಳು ಹತ್ತು ವರ್ಷ, ಅದಕ್ಕೂ ಜಾಸ್ತಿ ಕಾದವು.

ಯಾಕೆ ಇಷ್ಟು ತಡ? ಬೇಕಂತಲೇ ಯಾರೂ ತಡೆಯಲಿಲ್ಲ. ಕಾರಣಗಳು ಆಂಟೆನಾದಲ್ಲಿ ಇದ್ದವು, ಬೆಟ್ಟದಲ್ಲಿ ಇದ್ದವು, ಖರ್ಚಿನ ಲೆಕ್ಕದಲ್ಲಿ ಇದ್ದವು. ಅದನ್ನೇ ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು ಈ ಚಾನೆಲ್ ಹುಟ್ಟಿದ್ದು ಹೇಗೆ ಅಂತ ಸ್ವಲ್ಪ ತಿಳಿಯಬೇಕು. 1901ರಿಂದ ಆಸ್ಟ್ರೇಲಿಯಾದಲ್ಲಿ ಬಿಳಿಯರಿಗಷ್ಟೇ ಬಾಗಿಲು ತೆರೆಯುವ ವಲಸೆ ನೀತಿ ಇತ್ತು. ಅದರ ಕೊನೆಯ ಕುರುಹುಗಳನ್ನು ತೆಗೆದುಹಾಕಿದ್ದು 1973ರಲ್ಲಿ. ಎರಡನೇ ಮಹಾಯುದ್ಧದ ನಂತರ ಯುರೋಪಿನಿಂದ ಲಕ್ಷಗಟ್ಟಲೆ ಜನ ಬಂದರು. ಆದರೂ ರೇಡಿಯೋ, ಟಿವಿ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದವು. ಖಾಸಗಿ ರೇಡಿಯೋಗಳಲ್ಲಿ ಬೇರೆ ಭಾಷೆಗೆ ಒಟ್ಟು ಸಮಯದ ಶೇ. 2.5ಕ್ಕಿಂತ ಹೆಚ್ಚು ಕೊಡುವಂತಿರಲಿಲ್ಲ.

ಆ ಗೋಡೆಯಲ್ಲಿ ಮೊದಲ ಬಿರುಕು ಬಿಟ್ಟದ್ದು ಆಸ್ಪತ್ರೆ ಖರ್ಚಿನ ವಿಷಯಕ್ಕೆ. 1975ರ ಜುಲೈ 1ರಿಂದ ಸರ್ಕಾರ ಮೆಡಿಬ್ಯಾಂಕ್ ಅನ್ನುವ ಆರೋಗ್ಯ ವಿಮೆ ಜಾರಿಗೆ ತರುವುದಿತ್ತು. ಎಲ್ಲರಿಗೂ ಸಿಗುವ ಯೋಜನೆ. ಆದರೆ ಇಂಗ್ಲಿಷ್ ಬಾರದ ಅಜ್ಜಿಗೆ, ಕಾರ್ಖಾನೆಯ ಹೆಣ್ಣುಮಗಳಿಗೆ ಅದನ್ನು ಹೇಳುವವರು ಯಾರು? ಅದಕ್ಕೇ 1975ರ ಜೂನ್‌ನಲ್ಲಿ ಸಿಡ್ನಿಯಲ್ಲಿ 2ಇಎ, ಮೆಲ್ಬರ್ನ್‌ನಲ್ಲಿ 3ಇಎ ಅನ್ನುವ ಎರಡು ಪುಟ್ಟ ರೇಡಿಯೋ ಕೇಂದ್ರಗಳನ್ನು ಪ್ರಯೋಗಕ್ಕೆಂದು ಶುರು ಮಾಡಿದರು. ಒಂದರಲ್ಲಿ 7 ಭಾಷೆ, ಇನ್ನೊಂದರಲ್ಲಿ 8. ದಿನಕ್ಕೆ 4 ಗಂಟೆ. ಕೆಲವೇ ತಿಂಗಳಿಗೆ ಅಂತ ಶುರುವಾದದ್ದು ನಿಲ್ಲಲೇ ಇಲ್ಲ. ತನ್ನ ಭಾಷೆಯನ್ನು ರೇಡಿಯೋದಲ್ಲಿ ಒಮ್ಮೆ ಕೇಳಿದ ಮೇಲೆ ಜನ ಅದನ್ನು ಬಿಟ್ಟುಕೊಡುವುದುಂಟೇ?

ಈ ಕೇಂದ್ರಗಳನ್ನು ನಡೆಸಲು 1978ರ ಜನವರಿ 1ರಂದು ಸ್ಪೆಷಲ್ ಬ್ರಾಡ್‌ಕಾಸ್ಟಿಂಗ್ ಸರ್ವಿಸ್, ಅಂದರೆ ಎಸ್‌ಬಿಎಸ್, ಹುಟ್ಟಿತು. ಅದೇ ವರ್ಷ ಗ್ಯಾಲ್‌ಬಲ್ಲಿ ವರದಿ ಬಂತು. ವಲಸಿಗರಿಗೆ ಏನೇನು ಸೌಲಭ್ಯ ಬೇಕು ಅಂತ ಪರಿಶೀಲಿಸಿದ ಆ ವರದಿ ಟಿವಿಯ ಮಾತನ್ನೂ ಎತ್ತಿತು. ಮಾಲ್ಕಮ್ ಫ್ರೇಸರ್ ಸರ್ಕಾರ ಒಪ್ಪಿತು. 1979ರಲ್ಲಿ ಸರ್ಕಾರಿ ವಾಹಿನಿ ಎಬಿಸಿಯಲ್ಲೇ ಭಾನುವಾರ ಬೆಳಗ್ಗೆ ಜಾಗ ಪಡೆದು ಪರೀಕ್ಷೆ ಮಾಡಿದರು. ಮರುವರ್ಷ ಸ್ವಂತ ಚಾನೆಲ್ ಬಂತು. ಅದರ ಹೆಸರೇ ಚಾನೆಲ್ 0/28. ಈ ವಿಚಿತ್ರ ಹೆಸರಿನಲ್ಲೇ ತಡದ ಮೊದಲ ಕಾರಣ ಅಡಗಿದೆ.

ಆ ಚಾನೆಲ್ ಒಂದೇ ಕಾರ್ಯಕ್ರಮವನ್ನು ಎರಡು ಬೇರೆ ಬೇರೆ ಅಲೆಗಳಲ್ಲಿ ಬಿಡುತ್ತಿತ್ತು. ಒಂದು ವಿಎಚ್‌ಎಫ್ ಅನ್ನುವ ಉದ್ದ ಅಲೆಗಳ ಗುಂಪಿನ ಚಾನೆಲ್ 0, ಇನ್ನೊಂದು ಯುಎಚ್‌ಎಫ್ ಅನ್ನುವ ಗಿಡ್ಡ ಅಲೆಗಳ ಗುಂಪಿನ ಚಾನೆಲ್ 28. ಚಾನೆಲ್ 0ರ ಅಲೆ ತುಂಬ ಉದ್ದ, ಒಂದು ಅಲೆ ಸುಮಾರು 6 ಮೀಟರ್‌ಗಿಂತ ಜಾಸ್ತಿ. ಅದನ್ನು ಹಿಡಿಯುವ ಆಂಟೆನಾ ಕಡ್ಡಿ ಅದರ ಅರ್ಧ ಉದ್ದ ಇರಬೇಕು. ಅಂದರೆ 3 ಮೀಟರ್ ಅಗಲದ ಕಡ್ಡಿ ಛಾವಣಿ ಮೇಲೆ! ಚಾನೆಲ್ 28ರ ಅಲೆ 60 ಸೆಂಟಿಮೀಟರ್ ಕೂಡ ಇಲ್ಲ. ಅದರ ಕಡ್ಡಿ ಒಂದು ಗೇಣು ಮೂರು ನಾಲ್ಕು ಬೆರಳಿನಷ್ಟು ಇದ್ದರೆ ಸಾಕು. ಆಸ್ಟ್ರೇಲಿಯಾದ ಹಳೆಯ ಮನೆಗಳ ಮೇಲೆ ಉದ್ದ ತೋಳಿನ ಆಂಟೆನಾ ಕೆಳಗೆ ಬಾಚಣಿಗೆಯಂಥ ಪುಟ್ಟ ಆಂಟೆನಾ ಕಟ್ಟಿರುವುದು ಕಾಣುತ್ತದೆ. ಮೇಲಿನದು ವಿಎಚ್‌ಎಫ್, ಕೆಳಗಿನದು ಯುಎಚ್‌ಎಫ್. ಆಗ ಎಷ್ಟೋ ಮನೆಗಳಲ್ಲಿ ಆ ಕೆಳಗಿನದು ಇರಲೇ ಇಲ್ಲ.

ಮೆಲ್ಬರ್ನ್‌ನವರಿಗೆ ಕಷ್ಟ ಕಡಿಮೆ. ಅಲ್ಲಿ ಖಾಸಗಿ ಸ್ಟೇಷನ್ ಒಂದು ಮೊದಲಿಂದ ಚಾನೆಲ್ 0ರಲ್ಲೇ ಇತ್ತು. ಅದು 1980ರ ಜನವರಿಯಲ್ಲಿ ಚಾನೆಲ್ 10ಕ್ಕೆ ಹೋಗಿ ಜಾಗ ಖಾಲಿ ಮಾಡಿತು. ಆಂಟೆನಾ ಹೇಗೂ ಮನೆ ಮೇಲಿತ್ತು. ಸಿಡ್ನಿಯಲ್ಲಿ ಹಾಗಿರಲಿಲ್ಲ. ಹೊಸ ಚಾನೆಲ್ ನೋಡಬೇಕಾದರೆ ಆಂಟೆನಾಕ್ಕೆ ಕೈಯಿಂದ ದುಡ್ಡು ಹಾಕಬೇಕು.

ಇನ್ನು ಬೆಟ್ಟದ ವಿಷಯ. ಊರಾಚೆ ಡೊಳ್ಳು ಬಡಿದರೆ ಗುಡ್ಡದ ಹಿಂದೆ ಇದ್ದವರಿಗೂ ಕೇಳುತ್ತದೆ. ಟಾರ್ಚ್ ಬಿಟ್ಟರೆ ಕಾಣುವುದಿಲ್ಲ. ಉದ್ದದ ಅಲೆ ಡೊಳ್ಳಿನ ಸದ್ದಿನ ಹಾಗೆ, ಗುಡ್ಡವನ್ನು ಸ್ವಲ್ಪ ಬಳಸಿಕೊಂಡು ಬರುತ್ತದೆ. ಯುಎಚ್‌ಎಫ್‌ನ ಗಿಡ್ಡ ಅಲೆ ಟಾರ್ಚ್ ಬೆಳಕಿನ ಹಾಗೆ, ಹೆಚ್ಚುಕಡಿಮೆ ನೇರಕ್ಕೆ ಹೋಗುತ್ತದೆ. ಟವರ್‌ನಿಂದ ನಿಮ್ಮ ಛಾವಣಿಗೆ ದಾರಿ ತೆರೆದಿರಬೇಕು. ನಡುವೆ ಗುಡ್ಡ ಬಂದರೆ ಚಿತ್ರ ಇಲ್ಲ. ದಟ್ಟ ಮರಗಳಿದ್ದರೂ ಕಷ್ಟ. ಹಾಗಂತ ಚಾನೆಲ್ 0 ಬಲು ಚೆನ್ನಾಗಿತ್ತು ಅಂತಲ್ಲ. ಪಕ್ಕದ ರಸ್ತೆಯಲ್ಲಿ ಬೈಕ್ ಹೋದರೂ ಪರದೆ ಮೇಲೆ ಗೆರೆ ಮೂಡುವ ಅಲೆ ಅದು. 1986ರ ಜನವರಿ 5ರಂದು ಎಸ್‌ಬಿಎಸ್ ಚಾನೆಲ್ 0 ಅನ್ನು ಬಿಟ್ಟು ಪೂರ್ತಿ ಯುಎಚ್‌ಎಫ್‌ಗೆ ಹೋಯಿತು. ಅಲ್ಲಿಗೆ ಒಂದು ಮಾತು ಗಟ್ಟಿಯಾಯಿತು. ಇನ್ನು ಈ ಚಾನೆಲ್ ಬೆಟ್ಟಗುಡ್ಡದ ಊರಿಗೆ ಹೋಗಬೇಕಾದರೆ ಬೆಟ್ಟಕ್ಕೊಂದು ಟವರ್ ಬೇಕು.

ಟವರ್ ಅಂದ ಕೂಡಲೇ ಬರುವುದು ತಲೆ ಎಣಿಕೆ. ಸಿಡ್ನಿಯ ಒಂದು ಟವರ್‌ನಿಂದ ಲಕ್ಷಾಂತರ ಮನೆಗಳು ನೋಡುತ್ತವೆ. ಅಂಥದ್ದೇ ಖರ್ಚನ್ನು ಒಳನಾಡಿನ ಬೆಟ್ಟದ ಮೇಲೆ ಮಾಡಿದರೆ ಕೆಲವು ಸಾವಿರ ಮನೆ. ಮೇಲಾಗಿ ಎಸ್‌ಬಿಎಸ್ ಕೈಯಲ್ಲಿ ಟವರ್‌ಗಳೇ ಇರಲಿಲ್ಲ. ಸರ್ಕಾರಿ ಚಾನೆಲ್‌ಗಳ ಟವರ್‌ಗಳನ್ನು 1999ರಲ್ಲಿ ಮಾರುವವರೆಗೂ ಕೇಂದ್ರ ಸರ್ಕಾರವೇ ನಡೆಸುತ್ತಿತ್ತು. ಕಾರ್ಯಕ್ರಮದ ದುಡ್ಡು ಒಂದು ಜೇಬಿನಲ್ಲಿ, ಟವರ್ ದುಡ್ಡು ಇನ್ನೊಂದು ಜೇಬಿನಲ್ಲಿ. ಎರಡೂ ಒಟ್ಟಿಗೆ ತೆರೆದುಕೊಂಡರೆ ಮಾತ್ರ ಹೊಸ ಊರಿಗೆ ಚಾನೆಲ್.

ಇಲ್ಲಿ ನಮ್ಮ ಕಡೆಯ ಒಂದು ನೆನಪು ಹೇಳಲೇಬೇಕು. ಆ ಸಿಡ್ನಿ, ಮೆಲ್ಬರ್ನ್ ರೇಡಿಯೋಗಳು ಶುರುವಾದ 1975ರಲ್ಲೇ, ಆಗಸ್ಟ್‌ನಲ್ಲಿ, ಭಾರತದಲ್ಲಿ ಸೈಟ್ ಅನ್ನುವ ಉಪಗ್ರಹ ಟಿವಿ ಪ್ರಯೋಗ ಆರಂಭವಾಯಿತು. 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದಲ್ಲಿ ಆರಿಸಿದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳನ್ನು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್‌ನಲ್ಲಿ. ಅಂದರೆ ರಾಯಚೂರಿನ ಹಳ್ಳಿಯವರು ಬೆಂಗಳೂರಿಗಿಂತ ಆರು ವರ್ಷ ಮೊದಲು ಕನ್ನಡದ ಟಿವಿ ನೋಡಿದ್ದರು! ಅದು ಒಂದೇ ವರ್ಷದ ಪ್ರಯೋಗ, ನಿಜ. ಆದರೂ ಹಳ್ಳಿ ಮೊದಲು ಅಂತ ಒಮ್ಮೆ ತೀರ್ಮಾನ ಮಾಡಿದರೆ ದಾರಿ ಇದೆ ಅನ್ನುವುದಕ್ಕೆ ಅದು ಸಾಕ್ಷಿ. ಆಸ್ಟ್ರೇಲಿಯಾ ಆ ದಾರಿ ಹಿಡಿಯಲಿಲ್ಲ. ಅಲ್ಲಿ ಜನ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅಂತ ಸಾಲು ಹಚ್ಚಿದರು. 1985ರ ಜೂನ್‌ನಲ್ಲಿ ಬ್ರಿಸ್ಬೇನ್, ಅಡಿಲೇಡ್, ನ್ಯೂಕಾಸಲ್, ವೊಲೊಂಗಾಂಗ್, ಗೋಲ್ಡ್ ಕೋಸ್ಟ್. ಆಮೇಲೆ ಪರ್ತ್ ಕಡೆ. 1990ರ ದಶಕದ ಮೊದಲ ವರ್ಷಗಳಲ್ಲಿ ಲಟ್ರೋಬ್ ಕಣಿವೆ, ಸ್ಪೆನ್ಸರ್ ಕೊಲ್ಲಿ, ಡಾರ್ವಿನ್, ಕೇನ್ಸ್, ಟೌನ್ಸ್‌ವಿಲ್.

ತಲೆ ಎಣಿಕೆಯ ಸಾಲಿನಲ್ಲಿ ಒಂದು ಕೊರತೆ ಇತ್ತು. ವಲಸೆ ಬಂದವರು ನಗರದಲ್ಲಷ್ಟೇ ಉಳಿದಿರಲಿಲ್ಲ. ಗ್ರಿಫಿತ್‌ನ ನೀರಾವರಿ ಜಮೀನುಗಳನ್ನು ಹಸನು ಮಾಡಿದವರಲ್ಲಿ ಇಟಲಿಯವರು ಬಹಳ. ಕ್ವೀನ್ಸ್‌ಲ್ಯಾಂಡಿನ ಇಂಗಂ, ಇನ್ನಿಸ್‌ಫೇಲ್ ಕಬ್ಬಿನ ಗದ್ದೆಗಳಲ್ಲೂ ಅವರೇ. ಶೆಪರ್ಟನ್ ಹಣ್ಣಿನ ತೋಟಗಳಲ್ಲಿ ಅಲ್ಬೇನಿಯಾದವರು. ಕೂಬರ್ ಪೀಡಿಯಲ್ಲಿ ಓಪಲ್ ಕಲ್ಲು ಅಗೆಯಲು ಗ್ರೀಕರು, ಸೆರ್ಬಿಯಾ, ಕ್ರೊಯೇಷಿಯಾದವರು. ವೂಲ್ಗೂಲ್ಗ ಅನ್ನುವ ಕಡಲತೀರದ ಊರಿನಲ್ಲಿ ನಮ್ಮ ಪಂಜಾಬಿನಿಂದ ಹೋದ ಸಿಖ್ಖರು ಬಾಳೆ ಬೆಳೆಯುತ್ತಿದ್ದರು. ಆಸ್ಟ್ರೇಲಿಯಾದ ಮೊದಲ ಗುರುದ್ವಾರ ಎದ್ದದ್ದು 1968ರಲ್ಲಿ, ಆ ಊರಲ್ಲೇ. ಸಿಡ್ನಿಯಲ್ಲಿದ್ದ ಗ್ರೀಕ್ ಅಜ್ಜನಿಗೆ ಗ್ರೀಕ್ ಪತ್ರಿಕೆ, ಗ್ರೀಕ್ ಅಂಗಡಿ, ಗ್ರೀಕ್ ಚರ್ಚು ಎಲ್ಲ ಕಾಲಳತೆಯಲ್ಲಿ. ಒಳನಾಡಿನಲ್ಲಿದ್ದವನಿಗೆ ಅದ್ಯಾವುದೂ ಇಲ್ಲ. ಟಿವಿ ಅವನಿಗೇ ಹೆಚ್ಚು ಬೇಕಾಗಿತ್ತು, ಅಲ್ವಾ? ಅವನಿಗೇ ಅದು ಕೊನೆಗೆ ಬಂತು. ಈ ಕಥೆಯಲ್ಲಿ ನನಗೆ ಮನಸ್ಸು ಭಾರ ಮಾಡುವ ವಿಷಯ ಇದೇ.

ಮಧ್ಯೆ ಚಾನೆಲ್ಲೇ ಇಲ್ಲವಾಗುವ ಗಳಿಗೆಯೂ ಬಂದಿತ್ತು. 1986ರಲ್ಲಿ ಸರ್ಕಾರ ಎಸ್‌ಬಿಎಸ್ ಅನ್ನು ಎಬಿಸಿ ಜೊತೆ ಸೇರಿಸಿಬಿಡುವ ಮಾತು ತೆಗೆಯಿತು. ವಲಸೆ ಸಮುದಾಯಗಳು ಜೋರಾಗಿ ವಿರೋಧಿಸಿದವು. 1987ರಲ್ಲಿ ಪ್ರಧಾನಿ ಬಾಬ್ ಹಾಕ್ ಆ ಯೋಚನೆ ಕೈಬಿಟ್ಟರು. 1991ರಲ್ಲಿ ಎಸ್‌ಬಿಎಸ್‌ಗೆ ತನ್ನದೇ ಕಾನೂನು ಬಂತು. ಅದರಲ್ಲಿ ಎಸ್‌ಬಿಎಸ್‌ನ ಮುಖ್ಯ ಕೆಲಸ ಏನು ಅಂತ ಬರೆದಿದ್ದಾರೆ: ಹಲವು ಭಾಷೆಯ, ಹಲವು ಸಂಸ್ಕೃತಿಯ ರೇಡಿಯೋ, ಟಿವಿ ಮೂಲಕ ಎಲ್ಲ ಆಸ್ಟ್ರೇಲಿಯನ್ನರಿಗೆ ತಿಳಿವಳಿಕೆ, ಶಿಕ್ಷಣ, ಮನರಂಜನೆ ಕೊಡುವುದು. ವಲಸಿಗರಿಗೆ ಅಂತ ಬರೆಯಲಿಲ್ಲ, ‘ಎಲ್ಲ’ ಅಂತ ಬರೆದರು. ಸಣ್ಣ ಪದ. ಆದರೆ ಎಲ್ಲರಿಗೂ ಅಂತ ಕಾನೂನೇ ಹೇಳಿದ ಮೇಲೆ, ನಮ್ಮೂರಿಗೆ ಯಾಕಿಲ್ಲ ಅಂತ ಕೇಳುವ ಹಕ್ಕು ಪ್ರತಿ ಊರಿಗೂ ಸಿಕ್ಕಿತು.

ಎಲ್ಲರಿಗೂ ಅನ್ನುವುದನ್ನು ಪರದೆ ಮೇಲೆ ನಿಜ ಮಾಡಿದ್ದು ಸಬ್‌ಟೈಟಲ್. ರೇಡಿಯೋದಲ್ಲಿ ಗ್ರೀಕ್ ಹೊತ್ತು ಗ್ರೀಕರಿಗೆ, ಅರಬ್ಬಿ ಹೊತ್ತು ಅರಬ್ಬರಿಗೆ. ಟಿವಿಯಲ್ಲಿ ಹಾಗಲ್ಲ. ಪೋಲಿಷ್ ಸಿನಿಮಾ ಓಡುತ್ತಿದ್ದರೆ ಕೆಳಗೆ ಇಂಗ್ಲಿಷಿನ ಎರಡು ಸಾಲು. ಪಕ್ಕದ ಮನೆಯ ಐರಿಷ್ ಮೂಲದ ಕುಟುಂಬವೂ ಕೂತು ನೋಡಬಹುದು. ಈ ಕೆಲಸಕ್ಕೆ ಎಸ್‌ಬಿಎಸ್ ತನ್ನಲ್ಲೇ ಒಂದು ವಿಭಾಗ ಕಟ್ಟಿತು.

ಆ ಕೆಲಸ ಎಷ್ಟು ನಾಜೂಕು ಅನ್ನುವುದನ್ನು ನಮ್ಮ ಭಾಷೆಯಿಂದಲೇ ನೋಡಿ. ಮಧ್ಯಾಹ್ನ ದಾರಿಯಲ್ಲಿ ಸಿಕ್ಕ ಅಮ್ಮ ಒಬ್ಬರು ‘ಊಟ ಆಯ್ತಾ?’ ಅಂತ ಕೇಳುತ್ತಾರೆ. ಅದನ್ನು ಇಂಗ್ಲಿಷಿನಲ್ಲಿ ಊಟದ ಪ್ರಶ್ನೆಯಾಗಿಯೇ ಬರೆದರೆ ಈಕೆ ಊಟಕ್ಕೆ ಕರೆಯುತ್ತಿದ್ದಾಳೆ ಅಂತ ನೋಡುವವರು ತಿಳಿಯಬಹುದು. ಬರೀ ನಮಸ್ಕಾರ ಅಂತ ಬರೆದರೆ ಅದರಲ್ಲಿರುವ ಅಕ್ಕರೆ ಹೋಯಿತು. ಓದಲು ಸಿಗುವುದು ಎರಡು ಮೂರು ಸೆಕೆಂಡ್. ಅಷ್ಟರಲ್ಲಿ ಅರ್ಥವೂ ಬರಬೇಕು, ಅಕ್ಕರೆಯೂ ಉಳಿಯಬೇಕು, ಮುಖದಿಂದ ಕಣ್ಣು ತುಂಬ ಹೊತ್ತು ಕದಲಲೂಬಾರದು. ಹೀಗೆ ಒಂದೊಂದು ಮಾತಿಗೂ ತೂಕ ನೋಡಿ ಬರೆದವರು ಅಲ್ಲಿ ಹತ್ತಾರು ಭಾಷೆಗಳಿಂದ ಬಂದವರಿದ್ದರು.

1980ರಲ್ಲಿ ಆ ವಿಭಾಗಕ್ಕೆ ಹಂಗೇರಿಯನ್ ಭಾಷೆಯ ಸಬ್‌ಟೈಟಲ್ ಬರೆಯಲು ಒಬ್ಬರು ಸೇರಿದರು. ಹುಟ್ಟು ಹೆಸರು ಲಾಸ್ಲೋ ಊರ್ಗೆ. ಆಸ್ಟ್ರೇಲಿಯಾಕ್ಕೆ ಗೊತ್ತಿದ್ದ ಹೆಸರು ಲೆಸ್ ಮರ್ರಿ. ಚಿಕ್ಕಂದಿನಲ್ಲಿ ಹಂಗೇರಿ ಬಿಟ್ಟು ಕುಟುಂಬದ ಜೊತೆ ಬಂದು ವೊಲೊಂಗಾಂಗ್ ಸುತ್ತಮುತ್ತ ಬೆಳೆದವರು. ಸಬ್‌ಟೈಟಲ್ ಮೇಜಿನಿಂದ ಎದ್ದು ಫುಟ್‌ಬಾಲ್ ವೀಕ್ಷಕ ವಿವರಣೆಗೆ ಹೋದರು. ಆ ದೇಶದಲ್ಲಿ ಫುಟ್‌ಬಾಲ್ ಅಂದರೆ ವಲಸಿಗರ ಆಟ ಅನ್ನುವ ಭಾವ ಇತ್ತು. ಅದನ್ನು ಎಲ್ಲರ ಆಟ ಮಾಡಿದವರಲ್ಲಿ ಲೆಸ್ ಮರ್ರಿ ಮುಖ್ಯರು. ಅವರು ಬೆಳೆದ ವೊಲೊಂಗಾಂಗ್ ಕೈಗಾರಿಕೆಯ ಊರು, ಉಕ್ಕಿನ ಕಾರ್ಖಾನೆಯಲ್ಲಿ ವಲಸಿಗರೇ ತುಂಬಿದ್ದರು. ಅಲ್ಲಿಗೆ ಚಾನೆಲ್ ಅಧಿಕೃತವಾಗಿ ಬಂದದ್ದು ಅವರು ಕೆಲಸಕ್ಕೆ ಸೇರಿದ ಐದು ವರ್ಷದ ಮೇಲೆ.

1989ರವರೆಗೆ ಹೆಚ್ಚಿನ ಪ್ರಾದೇಶಿಕ ಊರುಗಳಲ್ಲಿ ಇದ್ದದ್ದು ಎರಡೇ ಚಾನೆಲ್. ಒಂದು ಎಬಿಸಿ, ಒಂದು ಸ್ಥಳೀಯ ಖಾಸಗಿ ಚಾನೆಲ್. ಆ ವರ್ಷದ ಮಾರ್ಚ್ ಕೊನೆಯಿಂದ ಸರ್ಕಾರ ಹಲವು ಊರುಗಳ ಮಾರುಕಟ್ಟೆಯನ್ನು ಒಟ್ಟು ಮಾಡಿ ಮೂರು ಖಾಸಗಿ ಚಾನೆಲ್‌ಗಳಿಗೆ ಅವಕಾಶ ಕೊಟ್ಟಿತು. ಮೊದಲು ದಕ್ಷಿಣ ನ್ಯೂ ಸೌತ್ ವೇಲ್ಸ್, ಮುಂದಿನ ಮೂರು ವರ್ಷಗಳಲ್ಲಿ ಕ್ವೀನ್ಸ್‌ಲ್ಯಾಂಡ್, ಉತ್ತರ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯ. ಹೊಸ ಚಾನೆಲ್‌ಗಳು ಬಂದದ್ದು ಯುಎಚ್‌ಎಫ್‌ನಲ್ಲಿ. ಜನ ಖಾಸಗಿ ಚಾನೆಲ್‌ನ ಆಸೆಗೆ ಬಾಚಣಿಗೆ ಆಂಟೆನಾ ಕಟ್ಟಿಸಿದರು. ಮುಂದೆ ಎಸ್‌ಬಿಎಸ್ ಬಂದಾಗ ಅರ್ಧ ಕೆಲಸ ಅದಾಗಲೇ ಮುಗಿದಿತ್ತು.

ಆದರೂ ಪಟ್ಟಿಯಲ್ಲಿ ಹೆಸರೇ ಇಲ್ಲದ ಊರುಗಳು ಉಳಿದವು. ಅವುಗಳಿಗೆ ಇದ್ದದ್ದು ಸ್ವಸಹಾಯದ ದಾರಿ. ಊರಿನ ಕೌನ್ಸಿಲ್ ಅಥವಾ ಜನರೇ ಮಾಡಿಕೊಂಡ ಸಂಘ ಪರವಾನಗಿ ತೆಗೆದುಕೊಂಡು ಎಸ್‌ಬಿಎಸ್ ಅನ್ನು ತಾವೇ ಮರುಪ್ರಸಾರ ಮಾಡಬಹುದಿತ್ತು. ಅಂಥ ಕೇಂದ್ರ ಏನೂ ದೊಡ್ಡದಲ್ಲ. ಊರಿನ ನೀರಿನ ಟ್ಯಾಂಕ್ ಇರುವಂಥ ದಿಬ್ಬದ ಮೇಲೆ ತಗಡಿನ ಒಂದು ಕೋಣೆ. ಹೊರಗೆ ಆಕಾಶಕ್ಕೆ ಮುಖ ಮಾಡಿದ ಡಿಶ್. ಒಳಗೆ ಉಪಗ್ರಹದ ಸಿಗ್ನಲ್ ಬಿಡಿಸುವ ಪೆಟ್ಟಿಗೆ, ಅದನ್ನು ಯುಎಚ್‌ಎಫ್‌ಗೆ ತಿರುಗಿಸುವ ಇನ್ನೊಂದು ಪೆಟ್ಟಿಗೆ. ಪಕ್ಕದ ಕಂಬದ ಮೇಲೆ ಊರ ಕಡೆ ಮುಖ ಮಾಡಿದ ಆಂಟೆನಾ. ಶಕ್ತಿ ಕಡಿಮೆ, ಊರಿನ ಗಡಿ ದಾಟಿದರೆ ಮಾಯ. ಆದರೆ ಯಂತ್ರಕ್ಕೆ ದುಡ್ಡು ಬೇಕು, ಕರೆಂಟ್ ಬಿಲ್ ಕಟ್ಟಬೇಕು, ಸಿಡಿಲು ಬಡಿದ ಮರುದಿನ ಯಾರಾದರೂ ದಿಬ್ಬ ಹತ್ತಬೇಕು. ಸರ್ಕಾರ, ಎಸ್‌ಬಿಎಸ್ ಕಡೆಯಿಂದ ಸಹಾಯಧನ ಇತ್ತು. ಆದರೂ ಒಂದು ಊರಿಗೆ ಬಂದು ಪಕ್ಕದ ಊರಿಗೆ ಬಾರದೇ ಇರುವುದು ಎಷ್ಟೋ ಸಲ ಅಲ್ಲಿ ಓಡಾಡಿದ ನಾಲ್ಕು ಜನರ ಮೇಲೆ ನಿಂತಿತ್ತು. ಯೋಜನೆ ಕಾಗದದ ಮೇಲಿತ್ತು, ಚಾನೆಲ್ ಮನೆಗೆ ಬಂದದ್ದು ಅರ್ಜಿ ಬರೆದು ಚಂದಾ ಎತ್ತಿದವರಿಂದ. ಆಮೇಲೆ ಸರ್ಕಾರ ತನ್ನ ಟೆಲಿಫೋನ್ ಕಂಪನಿ ಟೆಲ್‌ಸ್ಟ್ರಾದ ಷೇರು ಮಾರಿದ ದುಡ್ಡಿನಲ್ಲಿ ಒಂದು ಪಾಲು ತೆಗೆದಿಟ್ಟು, 10,000ಕ್ಕೂ ಹೆಚ್ಚು ಜನರಿರುವ ಪ್ರದೇಶಗಳಿಗೆ ಎಸ್‌ಬಿಎಸ್ ಮುಟ್ಟಿಸಲು, ಚಿತ್ರ ಬಾರದ ಮೂಲೆಗಳನ್ನು ಸರಿ ಮಾಡಲು ಬಳಸಿತು.

ಮೇಲೆ ಹೇಳಿದ ಉಪಗ್ರಹದ ಹೆಸರು ಆಸ್‌ಸ್ಯಾಟ್. ಮೊದಲನೆಯದು 1985ರ ಆಗಸ್ಟ್‌ನಲ್ಲಿ ಅಮೆರಿಕದ ಡಿಸ್ಕವರಿ ನೌಕೆಯಲ್ಲಿ ಹೋಯಿತು. ಅದರಿಂದ ಮರುಭೂಮಿಯ ಒಂಟಿ ಮನೆಗೂ ಟಿವಿ ಬರುವಂತಾಯಿತು. ಎಲ್ಲರೂ ಇದನ್ನು ಸಂತೋಷದಿಂದಲೇ ನೋಡಿರಬೇಕು ಅಂತ ನಮಗೆ ಅನಿಸುತ್ತದೆ. ಮಧ್ಯ ಆಸ್ಟ್ರೇಲಿಯಾದ ಮೂಲನಿವಾಸಿಗಳು ಹಾಗೆ ನೋಡಲಿಲ್ಲ. ಆಕಾಶದಿಂದ ದಿನವಿಡೀ ಇಂಗ್ಲಿಷ್ ಸುರಿಯತೊಡಗಿದರೆ ನಮ್ಮ ಮಕ್ಕಳ ಬಾಯಲ್ಲಿ ನಮ್ಮ ಮಾತು ಉಳಿಯುತ್ತದೆಯೇ ಅನ್ನುವುದು ಅವರ ಚಿಂತೆ. ಯೆಂಡುಮುವಿನ ವಾರ್ಲ್ಪಿರಿ ಜನ, ಅರ್ನಬೆಲ್ಲದ ಪಿಟ್ಜಂಜಾರ ಜನ ಉಪಗ್ರಹಕ್ಕೆ ಕಾಯಲಿಲ್ಲ. 1985ರಲ್ಲೇ, ಪರವಾನಗಿ ಇಲ್ಲದೆ, ಕೈಗೆಟುಕುವ ಬೆಲೆಯ ಯಂತ್ರ ಇಟ್ಟುಕೊಂಡು ತಮ್ಮ ಭಾಷೆಯಲ್ಲಿ ತಾವೇ ಮಾಡಿದ ವಿಡಿಯೋಗಳನ್ನು ಊರಿಗೆಲ್ಲ ತೋರಿಸತೊಡಗಿದರು. 1988ರ ಜನವರಿಯಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಿಂದ ಇಂಪಾರ್ಜ ಅನ್ನುವ, ಮೂಲನಿವಾಸಿಗಳದ್ದೇ ಒಡೆತನದ ಚಾನೆಲ್ ಶುರುವಾಯಿತು. 2007ರಲ್ಲಿ ಎನ್‌ಐಟಿವಿ ಅನ್ನುವ, ಮೂಲನಿವಾಸಿಗಳ ಇನ್ನೊಂದು ಚಾನೆಲ್ ಬಂತು. 2012ರ ಡಿಸೆಂಬರ್ 12ರಿಂದ ಅದು ಎಸ್‌ಬಿಎಸ್‌ನ ಭಾಗವಾಗಿ ಇಡೀ ದೇಶಕ್ಕೆ ಉಚಿತವಾಗಿ ಕಾಣುತ್ತಿದೆ. ಹೊರಗಿನಿಂದ ಬಂದವರ ಭಾಷೆಗೆ ಅಂತ ಹುಟ್ಟಿದ ಮನೆಯಲ್ಲಿ ಆ ನೆಲದ ಮೊದಲ ಭಾಷೆಗಳಿಗೆ ಜಾಗ ಸಿಗಲು 30 ವರ್ಷಕ್ಕೂ ಜಾಸ್ತಿ ಹಿಡಿಯಿತು.

ಭಾರತದ ಭಾಷೆಗಳ ಮಟ್ಟಿಗೆ ಹೇಳುವುದಾದರೆ, ಎಸ್‌ಬಿಎಸ್ ಟಿವಿಯಲ್ಲಿ ಬೆಳಗ್ಗೆ ಬೇರೆ ಬೇರೆ ದೇಶಗಳ ಸುದ್ದಿ ಹಾಗೇ ತೋರಿಸುವ ಹೊತ್ತಿತ್ತು. ಅದರಲ್ಲಿ ದೆಹಲಿಯ ಹಿಂದಿ ಸುದ್ದಿಯೂ ಬರುತ್ತಿತ್ತು. ಕನ್ನಡ ಇರುವುದು ಎಸ್‌ಬಿಎಸ್‌ನ ಆಡಿಯೋ ಸೇವೆಯಲ್ಲಿ. ಅಲ್ಲಿನ ಕನ್ನಡ ವಿಭಾಗದಲ್ಲಿ ಸುದ್ದಿ, ಸಂದರ್ಶನ, ವೀಸಾ, ಶಾಲೆ, ಆಸ್ಪತ್ರೆಯ ಮಾಹಿತಿ ಎಲ್ಲ ಕನ್ನಡದಲ್ಲೇ ಸಿಗುತ್ತವೆ. ಈಗ ಇಂಟರ್ನೆಟ್ ಇರುವುದರಿಂದ ಇದಕ್ಕೆ ಬೆಟ್ಟ ಅಡ್ಡ ಬರುವುದಿಲ್ಲ. ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಕನ್ನಡತಿ ಡ್ಯೂಟಿ ಮುಗಿಸಿ ಕಾರಿನಲ್ಲಿ ಹೋಗುತ್ತಾ ಕೇಳಬಹುದು. ಮೆಡಿಬ್ಯಾಂಕ್ ಬಗ್ಗೆ ಹೇಳಲು ಹುಟ್ಟಿದ ರೇಡಿಯೋ ಇವತ್ತೂ ಅದೇ ಕೆಲಸ ಮಾಡುತ್ತಿದೆ, ನಮ್ಮ ಭಾಷೆಯಲ್ಲೂ.

ಕೊನೆಗೆ ಡಿಜಿಟಲ್ ಬಂತು. ಒಂದೇ ಅಲೆಯಲ್ಲಿ ಹಲವು ಚಾನೆಲ್ ಕಳಿಸುವ ಅನುಕೂಲ. ಟವರ್ ಬೆಳಕು ಮುಟ್ಟದ ಮನೆಗಳಿಗೆ ವಾಸ್ಟ್ ಅನ್ನುವ ಉಪಗ್ರಹ ಸೇವೆ. ಅದರ ಡಿಶ್ ಹಾಕಿಸಿದರೆ ದೇಶದ ಯಾವ ಮೂಲೆಯಲ್ಲೂ ಎಸ್‌ಬಿಎಸ್ ಕಾಣುತ್ತದೆ. ಹಳೆಯ ಅನಲಾಗ್ ಟಿವಿಯನ್ನು ಒಂದೊಂದೇ ಪ್ರದೇಶದಲ್ಲಿ ಆರಿಸುತ್ತಾ ಹೋದರು. ಈ ಸಲ ಸಾಲು ತಿರುಗಿತ್ತು. ಮೊದಲು ಬದಲಾದದ್ದು ಸಿಡ್ನಿಯೂ ಅಲ್ಲ, ಮೆಲ್ಬರ್ನೂ ಅಲ್ಲ. 2010ರ ಜೂನ್ 30ರಂದು, ಮರ್ರಿ ನದಿ ದಂಡೆಯ ದ್ರಾಕ್ಷಿ ತೋಟಗಳ ಊರು ಮಿಲ್ಡುರ. ಮೆಲ್ಬರ್ನ್‌ನ ಸರದಿ ಬಂದದ್ದು 2013ರ ಡಿಸೆಂಬರ್ 10ಕ್ಕೆ, ಎಲ್ಲಕ್ಕೂ ಕೊನೆಯ ದಿನ.